ಮಕ್ಕಳ ಆಟ ಮತ್ತು ನಮ್ಮಿಬ್ಬರ ಮಾತು: ಎರಡಕ್ಕೂ ಸಂಜೆಯಲ್ಲಿ ಜಾಗ ಹುಡುಕುವುದು ಹೇಗೆ?

ಪ್ರಶ್ನೆ: ಉತ್ತರಹಳ್ಳಿಯ ಗೃಹಸ್ಥ

ಎಲ್ಲರಿಗೂ ನಮಸ್ಕಾರ. ನಮ್ಮ ಮದುವೆಯಾಗಿ 12 ವರ್ಷಗಳಾದವು. 9 ವರ್ಷದ ಮಗಳು, 6 ವರ್ಷದ ಮಗ, ನನ್ನ ತಾಯಿ ಮತ್ತು ನಾವಿಬ್ಬರು ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿದ್ದೇವೆ. ಹೆಂಡತಿ ಬ್ಯಾಂಕಿನ ಉದ್ಯೋಗಿ, ನಾನು ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಇಬ್ಬರೂ ಮನೆ ಸೇರುವ ಹೊತ್ತಿಗೆ ಏಳು ಗಂಟೆ ದಾಟಿರುತ್ತದೆ. ಮಕ್ಕಳು ನಾಲ್ಕಕ್ಕೇ ಶಾಲೆಯಿಂದ ಬಂದು, ಹೋಂವರ್ಕ್ ಮುಗಿಸಿದರೆ ಮುಗಿಸಿ, ಇಲ್ಲದಿದ್ದರೆ ಬಿಟ್ಟು, ಟ್ಯಾಬ್ ಹಿಡಿದು ಸೋಫಾದಲ್ಲಿ ಕುಳಿತಿರುತ್ತಾರೆ. ದಿನವಿಡೀ ದೇಹ ದಣಿಯದಿರುವುದರಿಂದಲೋ ಏನೋ, ರಾತ್ರಿ ಹತ್ತೂವರೆಯಾದರೂ ಅವರಿಗೆ ನಿದ್ದೆ ಬರುವುದಿಲ್ಲ. ಅವರು ಮಲಗುವ ಹೊತ್ತಿಗೆ ನಮಗೆ ಕಣ್ಣು ತೆರೆಯಲಾಗುವುದಿಲ್ಲ.

ಮೊನ್ನೆ ಹೆಂಡತಿ ನಗುತ್ತಲೇ ಒಂದು ಮಾತು ಹೇಳಿದಳು: "ನಾವಿಬ್ಬರೂ ಒಂದೇ ಕಚೇರಿಯ ಇಬ್ಬರು ಗುಮಾಸ್ತರಂತಾಗಿದ್ದೇವೆ, ಕಡತ ದಾಟಿಸುವುದಕ್ಕಷ್ಟೇ ಮಾತನಾಡುತ್ತೇವೆ." ನಾನೂ ನಕ್ಕೆ, ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಶಾಲೆಯ ವ್ಯಾನಿನ ಬಾಡಿಗೆ, ಗ್ಯಾಸ್ ಸಿಲಿಂಡರ್, ಅಮ್ಮನ ಬಿಪಿ ಮಾತ್ರೆ, ಇವುಗಳ ಹೊರತಾಗಿ ನಾವು ಕೊನೆಯ ಬಾರಿ ಏನು ಮಾತನಾಡಿದೆವು ಎಂದು ನೆನಪಿಸಿಕೊಳ್ಳಲು ಯತ್ನಿಸಿ ಸೋತೆ. ಜಗಳವೇನೂ ಇಲ್ಲ, ಸರಸವೂ ಇಲ್ಲ. ಮಕ್ಕಳನ್ನು ಮೈ ಬಗ್ಗಿಸಿ ಆಡುವಂತೆ ಮಾಡುವುದು ಮತ್ತು ನಮ್ಮಿಬ್ಬರ ನಡುವಿನ ಒಲವಿಗೆ ಸ್ವಲ್ಪ ಸಮಯ ಹೊಂದಿಸುವುದು, ಇವೆರಡನ್ನೂ ನಿಭಾಯಿಸಿದವರು ಇಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ನಿಮ್ಮ ಮನೆಯಲ್ಲಿ ನಡೆದದ್ದನ್ನು ತಿಳಿಸಿ. ಉಪದೇಶ ನನಗೆ ಸಾಕಷ್ಟು ಸಿಕ್ಕಿದೆ.

ಉತ್ತರ 1: ಶಿವಮೊಗ್ಗದ ಪಿ.ಟಿ. ಮಾಸ್ತರು

ಮಾನ್ಯರೇ, 22 ವರ್ಷಗಳಿಂದ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನನಗೆ ನೀವು ಕೇಳಿರುವ ಎರಡು ಪ್ರಶ್ನೆಗಳು ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ನಿಮ್ಮ ಮಕ್ಕಳು ಸಂಜೆ ಐದರಿಂದ ಆರರವರೆಗೆ ಬೆವರಿಳಿಯುವಂತೆ ಓಡಿದರೆ ಒಂಬತ್ತಕ್ಕೆ ತಾವಾಗಿಯೇ ಮಲಗುತ್ತಾರೆ, ಆಗ ನಿಮಗೆ ಬೇಕಾದ ಒಂದು ಗಂಟೆ ಅಲ್ಲಿಯೇ ಸಿಗುತ್ತದೆ.

5ರಿಂದ 17 ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಉಸಿರು ಏರುವಂತಹ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಅದರ ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ಇರಬೇಕು. ಇದನ್ನು ಓದಿದ ತಂದೆತಾಯಿಗಳು ತಕ್ಷಣ ಕೋಚಿಂಗ್ ತರಗತಿಗೆ ಹಣ ಕಟ್ಟುತ್ತಾರೆ. ಆದರೆ ನಾನು ಗಮನಿಸಿದಂತೆ, ಕ್ರಿಕೆಟ್ ಶಿಬಿರಕ್ಕೆ ಹೋಗುವ ಹತ್ತು ವರ್ಷದ ಹುಡುಗ ಒಂದೂವರೆ ಗಂಟೆಯಲ್ಲಿ ಬಹುಪಾಲು ಸಮಯವನ್ನು ತನ್ನ ಸರದಿಗಾಗಿ ಕಾಯುತ್ತಾ ಕಳೆಯುತ್ತಾನೆ. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನಲ್ಲಿ ನೆಗೆಯುವ ಹುಡುಗಿಯ ಮೂಳೆಗಳಿಗೆ ಪ್ರತಿ ನೆಗೆತದಲ್ಲಿಯೂ ಭಾರ ಬೀಳುತ್ತದೆ, ಮೂಳೆ ಗಟ್ಟಿಯಾಗುವುದು ಆ ಭಾರದಿಂದಲೇ. ಲಗೋರಿಯಂತೂ ಇನ್ನೂ ಮೇಲು. ಏಳು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಚೆಂಡೆಸೆದು ಉರುಳಿಸಿ, ಎದುರಾಳಿಯ ಚೆಂಡು ಮೈಗೆ ತಾಗುವ ಮುನ್ನ ಮತ್ತೆ ಪೇರಿಸಬೇಕಾದ ಈ ಆಟದಲ್ಲಿ ಯಾರೂ ನಿಂತಲ್ಲಿ ನಿಲ್ಲುವಂತಿಲ್ಲ.

ಜಾಗವಿಲ್ಲ ಎಂದು ನೀವು ಹೇಳಬಹುದು. "ಇಲ್ಲಿ ಚೆಂಡಾಟ ನಿಷೇಧಿಸಲಾಗಿದೆ" ಎಂಬ ಫಲಕ ಈಗ ಉದ್ಯಾನಗಳಲ್ಲಿಯೂ ಇದೆ, ಅಪಾರ್ಟ್‌ಮೆಂಟುಗಳಲ್ಲಿಯೂ ಇದೆ. ಮಕ್ಕಳು ಆಡದಿರುವುದಕ್ಕೆ ಮೊಬೈಲನ್ನು ಮಾತ್ರ ದೂರುವವರು ಆ ಫಲಕವನ್ನು ಓದಿಲ್ಲವೆಂದು ತೋರುತ್ತದೆ. ಅಕ್ಕಪಕ್ಕದ ಮೂರು ಮನೆಯವರು ಸೇರಿ ಸಂಘದವರನ್ನು ಕೇಳಿ, ಒಂದು ಗಂಟೆಗೆ ಮಾತ್ರ ಅನುಮತಿ ಪಡೆಯಿರಿ. ನೀವು ಕಚೇರಿಯಲ್ಲಿರುವ ಹೊತ್ತಾದುದರಿಂದ ಮೂರು ಮನೆಗಳ ಹಿರಿಯರು ಸರದಿಯಂತೆ ನೋಡಿಕೊಳ್ಳಲಿ. ಒಂದೇ ಗಂಟೆ ಸಿಗದಿದ್ದರೆ ಇಪ್ಪತ್ತು ನಿಮಿಷಗಳಂತೆ ಮೂರು ಬಾರಿ ಆಡಿದರೂ ಲೆಕ್ಕಕ್ಕೆ ಬರುತ್ತದೆ. ಮಲಗುವ ಒಂದು ಗಂಟೆ ಮೊದಲು ಟ್ಯಾಬ್ ಬೀರುವಿನೊಳಗೆ ಹೋಗಲಿ, ನಿಮ್ಮ ಫೋನುಗಳೂ ಅದರ ಜೊತೆಗೆ ಹೋಗಲಿ.

ಉತ್ತರ 2: ಮೈಸೂರಿನ ಅಜ್ಜಿ

ಅಪ್ಪಾ, ನಿಮಗೆ ನನ್ನ ಮಗನ ವಯಸ್ಸಿರಬೇಕು, ಆದ್ದರಿಂದ ಸ್ವಲ್ಪ ಬಿಚ್ಚುಮನಸ್ಸಿನಿಂದ ಬರೆಯುತ್ತೇನೆ. ನಾನು ಸೊಸೆಯಾಗಿ ಬಂದ ಮನೆಯಲ್ಲಿ ಹನ್ನೊಂದು ಜನರಿದ್ದರು. ಗಂಡಹೆಂಡಿರು ಹಗಲಿನಲ್ಲಿ ಒಂದೆಡೆ ಕುಳಿತು ಮಾತನಾಡಿದರೆ ಅತ್ತೆಯವರು ಕೆಮ್ಮುತ್ತಿದ್ದ ಕಾಲ ಅದು. ನಮ್ಮ ಯಜಮಾನರು ಸಂಜೆ ಬರುವಾಗ ಬಾಳೆಲೆಯಲ್ಲಿ ಸುತ್ತಿದ ಒಂದು ಮೊಳ ಮಲ್ಲಿಗೆ ತಂದು, ಏನೂ ಹೇಳದೆ, ದೇವರ ಮನೆಯ ಗೂಡಿನಲ್ಲಿ ಇಡುತ್ತಿದ್ದರು. ದೇವರಿಗೆ ಮುಡಿಸಿ ಉಳಿದದ್ದು ನನಗೆ ಎಂಬುದು ನಮ್ಮಿಬ್ಬರಿಗೆ ಮಾತ್ರ ತಿಳಿದಿದ್ದ ಒಪ್ಪಂದ. (ದೇವರ ಪಾಲು ದಿನೇದಿನೇ ಚಿಕ್ಕದಾಗುತ್ತಿತ್ತು ಎಂಬುದನ್ನು ಅತ್ತೆಯವರು ಕಂಡಿರಲಿಲ್ಲವೆಂದು ನಾನು ಇಂದಿಗೂ ನಂಬಿಲ್ಲ.)

ಮಕ್ಕಳಾದ ಮೇಲೆ ನಮಗೆ ಮಾತಿಗೆ ಜಾಗ ಸಿಕ್ಕಿದ್ದು ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲೆ. ದೊಡ್ಡ ದೇವರಾಜ ಒಡೆಯರ ಕಾಲದ ಆ ಮೆಟ್ಟಿಲುಗಳು ಸುಮಾರು ಒಂದು ಸಾವಿರ. ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಮಕ್ಕಳು ಯಾರು ಮೊದಲು ನಂದಿಯನ್ನು ಮುಟ್ಟುತ್ತಾರೆ ಎಂದು ಪಂದ್ಯ ಕಟ್ಟಿ ಓಡುತ್ತಿದ್ದರು. ಒಂದೇ ಕಲ್ಲಿನಲ್ಲಿ ಕಡೆದ ಆ ನಂದಿ ಇರುವುದು ಸುಮಾರು 700ನೆಯ ಮೆಟ್ಟಿಲಿನ ಹತ್ತಿರ. ಅಂದರೆ ಅಷ್ಟು ದೂರವೂ ಮಕ್ಕಳು ಮುಂದೆ, ನಾವು ಹಿಂದೆ. ಏದುಸಿರು ಬಿಡುತ್ತಾ, ನಿಂತು ನಿಂತು, ನಾವಿಬ್ಬರೂ ಆಡಿದಷ್ಟು ಮಾತನ್ನು ಮನೆಯೊಳಗೆ ಯಾವ ದಿನವೂ ಆಡಿರಲಿಲ್ಲ. ಮುಖಕ್ಕೆ ಮುಖ ಕೊಟ್ಟು ಕುಳಿತಾಗ ಹೊರಡದ ಮಾತು ಪಕ್ಕದಲ್ಲಿ ನಡೆಯುವಾಗ ಹೊರಡುತ್ತದೆ. ಮಳೆಗಾಲದಲ್ಲಿ ಮಾತ್ರ ಆ ಮೆಟ್ಟಿಲುಗಳು ಜಾರುತ್ತವೆ, ಆಗ ನಾವು ಕುಕ್ಕರಹಳ್ಳಿ ಕೆರೆಯ ಏರಿಗೆ ಹೋಗುತ್ತಿದ್ದೆವು.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ನಿಮ್ಮ ತಾಯಿಯವರು ಬಿಪಿ ಮಾತ್ರೆಯ ರೂಪದಲ್ಲಿ ಮಾತ್ರ ಬಂದಿದ್ದಾರೆ. ಅವರನ್ನು ಮಕ್ಕಳ ಕಾವಲಿಗೆ ಕೂರಿಸಬೇಡಿ, ಬದಲಿಗೆ "ಅಮ್ಮಾ, ನೀನು ಚಿಕ್ಕವಳಿದ್ದಾಗ ಏನು ಆಡುತ್ತಿದ್ದೆ, ಇವರಿಗೆ ಕಲಿಸಿಕೊಡು" ಎಂದು ಕೇಳಿ ನೋಡಿ.

ಉತ್ತರ 3: ಧಾರವಾಡದ ಶುಶ್ರೂಷಕಿ

ಪ್ರಶ್ನೆ ಕೇಳಿದ ಅಣ್ಣನವರಿಗೆ ನಮಸ್ಕಾರ. ಮೇಲಿನ ಇಬ್ಬರು ಹಿರಿಯರ ಮಾತನ್ನು ಗೌರವಿಸುತ್ತೇನೆ, ಆದರೆ ಮಲ್ಲಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದು ಉಳಿದಿದೆ. ಇಬ್ಬರೂ ಏಳು ಗಂಟೆಗೆ ಮನೆ ಸೇರುತ್ತೀರಿ ಎಂದು ಬರೆದಿದ್ದೀರಿ. ಏಳರಿಂದ ಹತ್ತೂವರೆಯವರೆಗೆ ಯಾರು ಏನು ಮಾಡುತ್ತೀರಿ ಎಂಬುದನ್ನು ಬರೆದಿಲ್ಲ. ಅಡುಗೆ, ಪಾತ್ರೆ, ನಾಳೆಯ ಡಬ್ಬಿಗೆ ತರಕಾರಿ ಹೆಚ್ಚುವುದು, ಸಮವಸ್ತ್ರದ ಇಸ್ತ್ರಿ, ಇವು ಯಾರ ಕೈಯಲ್ಲಿವೆ?

ರಾಷ್ಟ್ರೀಯ ಅಂಕಿಅಂಶ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಿದ್ದರು, ಪುರುಷರು 97 ನಿಮಿಷ. ಗಮನಿಸಿ, ಇದು ಆ ಕೆಲಸ ಮಾಡುವ ಪುರುಷರ ಸರಾಸರಿ ಮಾತ್ರ. ಅಂತಹ ಕೆಲಸಕ್ಕೆ ಕೈ ಹಾಕಿದ ಪುರುಷರೇ ನಾಲ್ವರಲ್ಲಿ ಸುಮಾರು ಒಬ್ಬರು. ಐದು ಗಂಟೆ ನಿಂತ ಕಾಲುಗಳಿಗೆ ಮೊದಲು ಬೇಕಾಗುವುದು ಒಲವಿನ ಮಾತಲ್ಲ, ಕುರ್ಚಿ.

ನಮ್ಮ ಮನೆಯ ಸಂಗತಿ ಹೇಳುತ್ತೇನೆ. ಎರಡು ವರ್ಷಗಳ ಹಿಂದೆ, ನನ್ನ ರಾತ್ರಿಪಾಳಿಯ ತಿಂಗಳಿನಲ್ಲಿ, ನಮ್ಮ ಮನೆಯವರು ಬೇರೆ ದಾರಿಯಿಲ್ಲದೆ ರಾತ್ರಿಯ ಅಡುಗೆ ಮತ್ತು ಪಾತ್ರೆಯ ಕೆಲಸವನ್ನು ವಹಿಸಿಕೊಂಡರು. ಪಾಳಿ ಬದಲಾದ ಮೇಲೂ ಅವರು ಅದನ್ನು ಬಿಡಲಿಲ್ಲ. ಅವರು ಪಾತ್ರೆ ತೊಳೆಯುವಾಗ ನಾನು ಪಕ್ಕದಲ್ಲಿ ನಿಂತು ಒರೆಸುತ್ತೇನೆ, ಮಗ ಅವನ್ನು ಓಡಿ ಓಡಿ ಕಪಾಟಿಗೆ ಸೇರಿಸುತ್ತಾನೆ, ಒಮ್ಮೊಮ್ಮೆ ಬೀಳಿಸುತ್ತಾನೆ. ನಮ್ಮ ನಗು, ಛೇಡಿಸುವಿಕೆ, ಎಲ್ಲವೂ ಈಗ ಆ ಸಿಂಕಿನ ಮುಂದೆಯೇ ನಡೆಯುತ್ತದೆ. ತಿಂಗಳಿಗೊಮ್ಮೆ ಹೋಟೆಲಿಗೆ ಕರೆದೊಯ್ದು, ಉಳಿದ ದಿನಗಳಲ್ಲಿ ತಟ್ಟೆಯನ್ನು ಎತ್ತಿಡದಿರುವವರ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ.

ಉತ್ತರ 4: ಮಸ್ಕತ್‌ನಲ್ಲಿರುವ ಉಡುಪಿಯವ

ನಮ್ಮಲ್ಲಿ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದರಿಂದ ಹಗಲಿನಲ್ಲಿ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ರಜಾದಿನಗಳಾದ ಶುಕ್ರವಾರ ಮತ್ತು ಶನಿವಾರ ಸೂರ್ಯ ಏರುವ ಮೊದಲೇ ಕಡಲ ತೀರಕ್ಕೆ ಹೋಗಿ, ಏಳರೊಳಗೆ ಹಿಂದಿರುಗುತ್ತೇವೆ. ನಾನು ಹೇಳಬೇಕೆಂದಿರುವುದು ಬೇರೆ. ನನ್ನ ತಂದೆ ನನ್ನ ತಾಯಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಅದೇ ಸಂಕೋಚ ನನ್ನಲ್ಲಿಯೂ ಉಳಿದು, ಮಕ್ಕಳ ಮುಂದೆ ಹೆಂಡತಿಯ ಕೈ ಹಿಡಿಯುವುದಕ್ಕೂ ಹಿಂಜರಿಯುತ್ತಿದ್ದೆ. ಒಂದು ದಿನ ಮರಳಿನಲ್ಲಿ ಮಗಳೇ ನಮ್ಮಿಬ್ಬರ ಕೈಗಳನ್ನು ಜೋಡಿಸಿ, "ಈಗ ನೀವಿಬ್ಬರೂ ಒಂದು ತಂಡ, ನಮ್ಮನ್ನು ಹಿಡಿಯಿರಿ" ಎಂದು ಓಡಿದಳು. ಕೈ ಬಿಟ್ಟರೆ ಔಟ್ ಎಂಬುದು ಅವಳದೇ ನಿಯಮ. ಈಗ ಪ್ರತಿ ವಾರವೂ ನಾವೇ ಸೋಲುತ್ತೇವೆ, ನಿಯಮ ಬದಲಿಸಬೇಕೆಂದು ನಾನಂತೂ ಕೇಳಿಲ್ಲ.

ಪ್ರಶ್ನೆ ಕೇಳಿದವರ ಮರುಬರಹ: ಉತ್ತರಹಳ್ಳಿಯ ಗೃಹಸ್ಥ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಧಾರವಾಡದ ಸಹೋದರಿಯವರ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವೆಂದರೆ, ಆ ಕೆಲಸಗಳಲ್ಲಿ ಒಂದೂ ನನ್ನ ಕೈಯಲ್ಲಿರಲಿಲ್ಲ. ಈಗ ಪಾತ್ರೆ ಮತ್ತು ಇಸ್ತ್ರಿ ನನ್ನವು. ಮೊದಲ ವಾರ ಹೆಂಡತಿ ನನ್ನನ್ನು ಅನುಮಾನದಿಂದಲೇ ನೋಡಿದಳು, ಏನನ್ನೋ ಮುಚ್ಚಿಡಲು ಹೀಗೆ ಮಾಡುತ್ತಿರಬಹುದೆಂದು ಭಾವಿಸಿದಳಂತೆ.

ಅಪಾರ್ಟ್‌ಮೆಂಟ್ ಸಂಘದವರು ಕಾರುಗಳ ಗಾಜಿನ ನೆಪ ಹೇಳಿ ಕೆಳಗೆ ಚೆಂಡಾಟಕ್ಕೆ ಒಪ್ಪಲಿಲ್ಲ. ಸುತ್ತಲೂ ಎತ್ತರದ ಗೋಡೆಯಿರುವ ತಾರಸಿಯನ್ನು, ಹಿರಿಯರೊಬ್ಬರು ಜೊತೆಗಿರಬೇಕೆಂಬ ಷರತ್ತಿನೊಂದಿಗೆ, ಐದರಿಂದ ಆರರವರೆಗೆ ಬಿಟ್ಟುಕೊಟ್ಟಿದ್ದಾರೆ. ನಮ್ಮ ಅಮ್ಮ ಅಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆಗಳನ್ನು ಬರೆದುಕೊಟ್ಟು, ಗೆರೆ ತುಳಿದವರನ್ನು ನಿರ್ದಾಕ್ಷಿಣ್ಯವಾಗಿ ಹೊರಗೆ ಹಾಕುತ್ತಾರೆ. ಏಳು ಮಕ್ಕಳು ಬರುತ್ತಿದ್ದಾರೆ. ಮಗ ಒಂಬತ್ತೂಕಾಲಿಗೆ ಮಲಗುತ್ತಾನೆ. ಮಗಳದು ಇನ್ನೂ ಹತ್ತು ಗಂಟೆಯೇ, ಅವಳ ವಿಷಯದಲ್ಲಿ ನಾನು ಗೆದ್ದಿಲ್ಲ. ಟ್ಯಾಬ್ ಬೀರುವಿಗೆ ಹೋಗುವುದಕ್ಕಿಂತ ನನ್ನ ಫೋನ್ ಬೀರುವಿಗೆ ಹೋಗುವುದು ಕಷ್ಟವಾಯಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಕಳೆದ ಗುರುವಾರ ರಾತ್ರಿ ಬಾಲ್ಕನಿಯಲ್ಲಿ ನಾವಿಬ್ಬರೂ ಮುಕ್ಕಾಲು ಗಂಟೆ ಕುಳಿತಿದ್ದೆವು. ಮೊದಲ ಹತ್ತು ನಿಮಿಷ ಮತ್ತೆ ವ್ಯಾನಿನ ಬಾಡಿಗೆಯ ಮಾತೇ ಬಂತು. ಆಮೇಲೆ ಅವಳು, ಕಾಲೇಜಿನಲ್ಲಿದ್ದಾಗ ತಾನು ಖೋ ಖೋ ತಂಡದಲ್ಲಿದ್ದೆ ಎಂಬುದನ್ನು ಹೇಳಿದಳು. 12 ವರ್ಷಗಳಲ್ಲಿ ನನಗೆ ಅದು ತಿಳಿದೇ ಇರಲಿಲ್ಲ. ಈ ಭಾನುವಾರ ತಾರಸಿಯಲ್ಲಿ ಅವಳೇ ಮಕ್ಕಳಿಗೆ ಆಡಿಸಲಿದ್ದಾಳೆ.

ಮಾಸ್ತರೇ, ಲಗೋರಿಗೆ ಇಲ್ಲಿ ಚಪ್ಪಟೆ ಕಲ್ಲುಗಳು ಸಿಗುತ್ತಿಲ್ಲ. ಟೈಲ್ಸ್ ಚೂರುಗಳ ಅಂಚು ಕೈ ಕೊಯ್ಯುತ್ತದೆ. ಏನು ಮಾಡಬಹುದು?

ಉತ್ತರ 5: ಶಿವಮೊಗ್ಗದ ಪಿ.ಟಿ. ಮಾಸ್ತರು

ಟೈಲ್ಸ್ ಬೇಡವೇ ಬೇಡ. ಹತ್ತಿರದ ಬಡಗಿಯವರ ಬಳಿ ಕೊಯ್ದು ಉಳಿದ ಮರದ ತುಂಡುಗಳಿರುತ್ತವೆ. ಅಂಗೈಯಗಲದ ಏಳು ಬಿಲ್ಲೆಗಳನ್ನು, ಒಂದಕ್ಕಿಂತ ಒಂದು ಸ್ವಲ್ಪ ಚಿಕ್ಕದಾಗುವಂತೆ ಕತ್ತರಿಸಿಕೊಡಲು ಕೇಳಿ. ಅಂಚನ್ನು ಉಪ್ಪುಕಾಗದದಿಂದ ಮಕ್ಕಳೇ ಉಜ್ಜಲಿ. ತಾರಸಿಯಾದುದರಿಂದ ಚೆಂಡು ಮೆತ್ತಗಿರಲಿ, ಹಳೆಯ ಕಾಲುಚೀಲದೊಳಗೆ ಬಟ್ಟೆ ತುಂಬಿ ಹೊಲಿದರೂ ಸಾಕು. ಭಾನುವಾರದ ಖೋ ಖೋದಲ್ಲಿ ನಿಮ್ಮವರು ನಿಮ್ಮನ್ನು ಎಷ್ಟು ಸಲ ಔಟ್ ಮಾಡಿದರು ಎಂಬುದನ್ನು ತಪ್ಪದೆ ತಿಳಿಸಿ.