ರೆಫ್ರಿ ಮೇಲೆ ಮುಗಿಬೀಳೋ ಆಟಗಾರರಿಗೆ ಈ ಶಿಕ್ಷೆ ಸಾಕಾ?

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ):
ಸಂಜೆ ಹೈಸ್ಕೂಲ್ ಮೈದಾನದಲ್ಲಿ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಫೌಲ್ ಕೊಟ್ಟರೆ ಸಾಕು, ಆರನೇ ಕ್ಲಾಸಿನ ಹುಡುಗ ಕೂಡ ಎದೆ ಉಬ್ಬಿಸಿಕೊಂಡು ರೆಫ್ರಿ ಮುಖಕ್ಕೇ ಕೈ ತರುತ್ತಾನೆ. ಟಿವಿ ನೋಡಿ ಕಲಿತದ್ದು, ಅಲ್ವಾ? ದೊಡ್ಡ ಆಟಗಾರರಿಗೆ ಸರಿಯಾದ ಶಿಕ್ಷೆ ಯಾಕೆ ಆಗಲ್ಲ?

ಉತ್ತರ (ವಿದ್ಯಾನಗರ):
ಆಗುತ್ತೆ ಸರ್. 2014ರ ವಿಶ್ವಕಪ್‌ನಲ್ಲಿ ಉರುಗ್ವೆಯ ಸುವಾರೆಜ್ ಇಟಲಿಯ ಕಿಯೆಲ್ಲಿನಿಯನ್ನು ಕಚ್ಚಿದ್ದಕ್ಕೆ 9 ಅಂತರರಾಷ್ಟ್ರೀಯ ಪಂದ್ಯ ಹೋಯಿತು, ಮೇಲೆ 4 ತಿಂಗಳು ನಿಷೇಧ. 2023ರಲ್ಲಿ ನಮ್ಮ ಕಂಠೀರವದಲ್ಲೇ ಬೆಂಗಳೂರು ಎಫ್‌ಸಿಯ ಛೆಟ್ರಿ ಹೊಡೆದ ಫ್ರೀಕಿಕ್ ಗೋಲು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಆಟ ಬಿಟ್ಟು ಹೊರನಡೆದಾಗ 4 ಕೋಟಿ ರೂಪಾಯಿ ದಂಡ ಬಿತ್ತು.

ಉತ್ತರ (ಹರಿಹರ):
ದಂಡ ಕಟ್ಟೋದು ಕ್ಲಬ್, ಪೆಟ್ಟು ತಿನ್ನೋದು ಜನ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಆಟಗಾರರ ಜಟಾಪಟಿ ಗ್ಯಾಲರಿಗೂ ಹಬ್ಬಿ, ಹೊಡೆದಾಟ ನೂಕುನುಗ್ಗಲಲ್ಲಿ 16 ಜನ ಸತ್ತರು. ಮ್ಯಾಚ್ ನೋಡೋಕೆ ಹೋದವರು ಮನೆಗೆ ಬರಲಿಲ್ಲ! 1985ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಮೈದಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಅಭಿಮಾನಿಗಳ ದಾಂಧಲೆಗೆ 39 ಜನ ಸತ್ತರು. ಅದಾದ ಮೇಲೆ ಇಂಗ್ಲಿಷ್ ಕ್ಲಬ್‌ಗಳನ್ನು ಯುರೋಪಿನ ಟೂರ್ನಿಗಳಿಂದ 5 ವರ್ಷ ಹೊರಗಿಟ್ಟರು.

ಉತ್ತರ (ಪಿ.ಜೆ. ಬಡಾವಣೆ):
2024ರ ಯೂರೋ ಕಪ್‌ನಲ್ಲಿ ರೆಫ್ರಿ ಹತ್ತಿರ ಕ್ಯಾಪ್ಟನ್ ಮಾತ್ರ ಹೋಗಿ ಮಾತಾಡಬೇಕು, ಬೇರೆಯವರು ಮುತ್ತಿಕೊಂಡರೆ ಹಳದಿ ಕಾರ್ಡ್ ಅಂತ ಮಾಡಿದರು. ನಿಮ್ಮ ಹುಡುಗರಿಗೂ ನಾಳೆಯಿಂದಲೇ ಇದನ್ನು ಶುರು ಮಾಡಿ. ಕೈ ಬೀಸಿದವನು ಹತ್ತು ನಿಮಿಷ ಹೊರಗೆ ಕೂರಲಿ, ಅಪ್ಪ ಬಂದು ಕೂಗಾಡಿದರೂ ಬಿಡಬೇಡಿ.