ಅಪ್‌ಡೇಟ್: ಸೆಣಬಿನ ನಾರು ಪಾಲಿಪ್ರೊಪಿಲೀನ್‌ನಿಂದ ಕಿತ್ತು ಬರುವ ಸಮಸ್ಯೆ

ಸೆಣಬಿನ ನಾರು ಬೆರೆಸಿದ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಹಾಳೆ ಮುರಿದಾಗ ನಾರು ತುಂಡಾಗದೆ ಇಡಿಯಾಗಿ ಜಾರಿ ಬರುತ್ತದೆ, ಪರಿಹಾರವೇನು ಎಂದು ಕೇಳಿದ್ದೆ. ಕ್ಷಾರದಲ್ಲಿ ನೆನೆಸಿ, ಜೊತೆಗೆ ಎಂಎಪಿಪಿ (ಮಲೇಯಿಕ್ ಅನ್‌ಹೈಡ್ರೈಡ್ ಜೋಡಿಸಿದ ಪಾಲಿಪ್ರೊಪಿಲೀನ್, ನಾರನ್ನೂ ಪ್ಲಾಸ್ಟಿಕ್ಕನ್ನೂ ಬೆಸೆಯುವ ವಸ್ತು) ಸೇರಿಸಿ ಎಂದವರ ಸಲಹೆ ಫಲ ಕೊಟ್ಟಿದೆ. ಎಲ್ಲರಿಗೂ ಧನ್ಯವಾದ.

ಕ್ಷಾರಕ್ಕೆ ಬಳಸಿದ್ದು ಕಾಸ್ಟಿಕ್ ಸೋಡಾ: 50 ಗ್ರಾಂ ನಾರಿಗೆ 1 ಲೀಟರ್ ನೀರು, 50 ಗ್ರಾಂ ಸೋಡಾ. ನೀರಿಗೆ ಸೋಡಾ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಕೈಗವಸು, ಕನ್ನಡಕ ಇರಲಿ, ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಕೋಣೆಯ ಉಷ್ಣತೆಯಲ್ಲಿ 2 ಗಂಟೆ ಸಾಕು. ಮೇಣ, ಹೆಮಿಸೆಲ್ಯುಲೋಸ್ ಬಿಟ್ಟುಕೊಂಡು ನೀರು ಕಂದಾಗುತ್ತದೆ, ನಾರಿನ ಮೈ ಒರಟಾಗುತ್ತದೆ. ಸೋಡಾ ತೀರಾ ಹೆಚ್ಚಿಸಿದರೆ ನಾರಿಗೆ ಬಲ ಕೊಡುವ ಸೆಲ್ಯುಲೋಸಿಗೇ ಪೆಟ್ಟು ಬಿದ್ದು ನಾರು ಸೊರಗುತ್ತದೆ. ಆಮೇಲೆ ತೊಳೆದು, 1% ಅಸೆಟಿಕ್ ಆಮ್ಲದಲ್ಲಿ ಅದ್ದಿ, ಪಿಎಚ್ 7 ಬರುವವರೆಗೆ ಮತ್ತೆ ತೊಳೆಯಬೇಕು. 80 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ತೇವ ಉಳಿದರೆ ಹಾಳೆಯೊಳಗೆ ಆವಿಯ ಗುಳ್ಳೆಗಳು ಖಂಡಿತ.

ಆದರೆ ಕ್ಷಾರವೊಂದೇ ಸಾಲದು. ನಾರು ನೀರನ್ನು ಒಲಿಯುವ ವಸ್ತು, ಪಾಲಿಪ್ರೊಪಿಲೀನ್ ನೀರನ್ನು ದೂರವಿಡುವ ವಸ್ತು. ಎಂಎಪಿಪಿಯ ಅನ್‌ಹೈಡ್ರೈಡ್ ತುದಿ ನಾರಿನ ಹೈಡ್ರಾಕ್ಸಿಲ್ ಗುಂಪುಗಳಿಗೆ ಅಂಟುತ್ತದೆ, ಅದರ ಉದ್ದ ಸರಪಳಿ ಪ್ಲಾಸ್ಟಿಕ್‌ನೊಳಗೆ ಹೆಣೆದುಕೊಳ್ಳುತ್ತದೆ. ಒಟ್ಟು ತೂಕದ 3% ಹಾಕಿ, 185 ಡಿಗ್ರಿಯಲ್ಲಿ ಬೆರೆಸಿದ್ದು. 200 ದಾಟಿದರೆ ನಾರು ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ.

ಈಗ ಮುರಿದ ಅಂಚಿನಲ್ಲಿ ನಾರುಗಳು ಗಿಡ್ಡವಾಗಿ ತುಂಡಾಗಿವೆ, ಮೈಗೆ ಪ್ಲಾಸ್ಟಿಕ್ ಚೂರುಗಳು ಮೆತ್ತಿಕೊಂಡಿವೆ. ನಾರು ಜಾರಿ ಬಂದ ಜಾಗದಲ್ಲಿ ಉಳಿಯುತ್ತಿದ್ದ ನುಣುಪಾದ ಖಾಲಿ ತೂತುಗಳು ಬಹುತೇಕ ಮಾಯ. ಕತ್ತರಿಸಿದ ಅಂಚು ಮಾತ್ರ ಈಗಲೂ ನೀರು ಹೀರುತ್ತದೆ, ಅದನ್ನು ಬೇರೆಯಾಗಿಯೇ ಮುಚ್ಚಬೇಕು.