ಜಾಸ್ತಿ ಓಡಿದರೆ ಇಮ್ಯುನಿಟಿ ಬೀಳುತ್ತಾ? ಓಟದ ಗುಂಪಿನಲ್ಲಿ ಡಾಕ್ಟರ್ ಮೇಡಂಗೆ ಕೇಳಿದ್ದು

ಪ್ರಶ್ನೆ: ನಮಸ್ಕಾರ ಮೇಡಂ. ವಯಸ್ಸು 41, ಊರು ಮೈಸೂರು. ಮೊದಲ ಫುಲ್ ಮ್ಯಾರಥಾನ್‌ಗೆ ತಯಾರಿ ನಡೆಯುತ್ತಿದೆ, ವಾರಕ್ಕೆ 65-70 ಕಿ.ಮೀ. ಆಗುತ್ತದೆ. ಭಾನುವಾರ ಲಾಂಗ್ ರನ್ ಮುಗಿಸಿದರೆ ಸೋಮವಾರ ಎಷ್ಟೋ ಸಲ ಗಂಟಲು ಕೆರೆತ, ಮೂಗು ಸೋರುವುದು. ಜಿಮ್ ಟ್ರೈನರ್ ಹೇಳುವುದು, "ಸಾರ್, ಎರಡು ಗಂಟೆ ದಾಟಿ ಓಡಿದ್ರೆ 72 ಗಂಟೆ ಇಮ್ಯುನಿಟಿ ಆಫ್." ಅಮ್ಮ ಅಂತೂ ಇರೋ ಶಕ್ತಿನೆಲ್ಲಾ ರಸ್ತೆಗೆ ಸುರಿದು ಬರ್ತೀಯ ಅಂತ ಬೈಯುತ್ತಾರೆ. ಓಟ ಕಡಿಮೆ ಮಾಡಬೇಕಾ? ಮಲಗುವುದು ರಾತ್ರಿ 11ಕ್ಕೆ, ಭಾನುವಾರ ಏಳುವುದು 4ಕ್ಕೆ. ಓಡುವುದು ಖಾಲಿ ಹೊಟ್ಟೆಯಲ್ಲಿ, ಬರೀ ನೀರು.

ಡಾಕ್ಟರ್: ಸರ್, ಕೊನೆಯ ಎರಡು ಸಾಲಿನಲ್ಲಿ ಅರ್ಧ ಉತ್ತರ ನೀವೇ ಬರೆದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ "72 ಗಂಟೆ ಆಫ್" ವಿಷಯ. ಇದು ನಿಮ್ಮ ಟ್ರೈನರ್ ಹುಟ್ಟಿಸಿದ ಮಾತಲ್ಲ, ಬಹಳ ವರ್ಷ ಪುಸ್ತಕಗಳಲ್ಲೇ ಇತ್ತು. ಜೋರಾಗಿ ಓಡುವಾಗ ಅಡ್ರಿನಾಲಿನ್ ಏರುತ್ತದೆ, ರಕ್ತದ ಓಟ ಜೋರಾಗುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಬಿಳಿ ರಕ್ತಕಣಗಳು, ಅದರಲ್ಲೂ ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವ ಎನ್‌ಕೆ ಕಣಗಳು, ಹರಿಯುವ ರಕ್ತಕ್ಕೆ ಬಂದುಬಿಡುತ್ತವೆ. ಓಟ ನಿಂತ ಒಂದೆರಡು ಗಂಟೆಗೆ ಲಿಂಫೋಸೈಟ್ (ಎನ್‌ಕೆ ಕೂಡ ಸೇರಿದ ಒಂದು ಬಗೆಯ ಬಿಳಿ ಕಣ) ಸಂಖ್ಯೆ ಮೊದಲಿಗಿಂತಲೂ ಕೆಳಗೆ ಇಳಿಯುತ್ತದೆ. ಆ ಹೊತ್ತಿಗೆ ರಕ್ತ ತೆಗೆದು ಎಣಿಸಿದವರಿಗೆ ಅರ್ಧ ಸೈನ್ಯವೇ ಮಾಯ ಅನ್ನಿಸಿತು. ಕಣಗಳು ಸತ್ತವು, ಬಾಗಿಲು ತೆರೆದುಕೊಂಡಿತು, ವೈರಸ್‌ಗೆ ಹಬ್ಬ ಅಂತ ತೀರ್ಮಾನವಾಯಿತು.

ಆದರೆ ಸ್ಟೇಷನ್ನಿನಲ್ಲಿ ಪೊಲೀಸರು ಕಾಣಲಿಲ್ಲ ಅಂದರೆ ಕೆಲಸ ಬಿಟ್ಟು ಹೋದರು ಅಂತಲ್ಲ, ಬೀಟ್‌ಗೆ ಹೋಗಿರಬಹುದು. ಇಲಿಗಳಲ್ಲಿ ಈ ಕಣಗಳಿಗೆ ಬಣ್ಣದ ಗುರುತು ಹಾಕಿ, ಇಲಿಗಳನ್ನು ಓಡಿಸಿ ನೋಡಿದರು. ಕಣಗಳು ಸಿಕ್ಕಿದ್ದು ಶ್ವಾಸಕೋಶದಲ್ಲಿ, ಕರುಳಿನ ಗೋಡೆಯಲ್ಲಿ, ಮೂಳೆಯ ಮಜ್ಜೆಯಲ್ಲಿ. ಹೊರಗಿನ ರೋಗಾಣು ಮೊದಲು ತಗಲುವುದೇ ಶ್ವಾಸಕೋಶ, ಕರುಳಿಗೆ ಅಲ್ವಾ? 2018ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕ್ಯಾಂಬೆಲ್ ಮತ್ತು ಟರ್ನರ್ ಇದನ್ನೆಲ್ಲ ಒಟ್ಟು ಹಾಕಿ, ವ್ಯಾಯಾಮದಿಂದ ಇಮ್ಯುನಿಟಿ ಕುಸಿಯುತ್ತದೆ ಅನ್ನುವುದೇ ತಪ್ಪು ಕಲ್ಪನೆ ಅಂತ ನೇರವಾಗಿ ಬರೆದರು. ರಕ್ತದಲ್ಲಿನ ಸಂಖ್ಯೆ ಸಾಮಾನ್ಯವಾಗಿ ಒಂದು ದಿನದೊಳಗೆ ಮೊದಲಿನಂತೆ ಆಗುತ್ತದೆ.

ಪ್ರಶ್ನೆ (ಬೇರೆಯವರು): ಮೇಡಂ, ಒಪ್ಪುವುದು ಕಷ್ಟ. ಲಾಸ್ ಏಂಜಲೀಸ್ ಮ್ಯಾರಥಾನ್ ಅಂಕಿಅಂಶ ನಾನೂ ಓದಿದ್ದೇನೆ. ಓಡಿದವರಿಗೆ ಆರು ಪಟ್ಟು ಜಾಸ್ತಿ ಶೀತ. ಅದನ್ನು ಹಾಗೇ ತಳ್ಳಿಹಾಕುವುದಾ?

ಡಾಕ್ಟರ್: ತಳ್ಳಿಹಾಕುತ್ತಿಲ್ಲ. ಡೇವಿಡ್ ನೀಮನ್ ಅವರ ಅಧ್ಯಯನ ಅದು, 1987ರ ಓಟದ್ದು. ಓಡಿದವರಲ್ಲಿ 12.9% ಜನ ಮುಂದಿನ ವಾರ ಹುಷಾರು ತಪ್ಪಿದೆವು ಅಂದರು. ಹೆಸರು ಕೊಟ್ಟು ಓಡದೇ ಉಳಿದವರಲ್ಲಿ ಬರೀ 2.2%. ಅದಕ್ಕೂ ಮೊದಲು ಕೇಪ್‌ಟೌನಿನ 56 ಕಿ.ಮೀ. ಟೂ ಓಷನ್ಸ್ ಓಟದಲ್ಲಿ ಎರಡು ವಾರದೊಳಗೆ 33% ಓಟಗಾರರಿಗೆ ಗಂಟಲು ಮೂಗಿನ ತೊಂದರೆ, ಓಡದವರಲ್ಲಿ 15%. ಲೆಕ್ಕದ ಬಗ್ಗೆ ನನಗೆ ತಕರಾರಿಲ್ಲ. ಕಾರಣದ ಬಗ್ಗೆ ಇದೆ.

ಒಂದು, ಇದೆಲ್ಲ ಜನ ತಾವೇ ಹೇಳಿದ್ದು, ಯಾರೂ ವೈರಸ್ ಪರೀಕ್ಷೆ ಮಾಡಲಿಲ್ಲ. ಮುಂದೆ ಆಸ್ಟ್ರೇಲಿಯಾದಲ್ಲಿ ಶೀತ ಅಂದ ಕ್ರೀಡಾಪಟುಗಳ ಮೂಗು ಗಂಟಲಿನ ಸ್ಯಾಂಪಲ್ ತೆಗೆದು ನೋಡಿದಾಗ ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಮಾತ್ರ ರೋಗಾಣು ಸಿಕ್ಕಿತು. ಉಳಿದವರ ಗಂಟಲು ಕೆರೆತ ಅಲರ್ಜಿ ಇರಬಹುದು, ಮೂರು ಗಂಟೆ ಬಾಯಲ್ಲಿ ತಣ್ಣನೆಯ ಒಣ ಗಾಳಿ, ಧೂಳು, ಬಸ್ಸಿನ ಹೊಗೆ ಎಳೆದುಕೊಂಡಿದ್ದರ ಉರಿಯೂತ ಇರಬಹುದು. ಎರಡು, ಓಟದ ದಿನ ಅಂದರೆ ಬರೀ ಓಟ ಅಲ್ಲ. ಹಿಂದಿನ ರಾತ್ರಿ ಟೆನ್ಶನ್ನಿಗೆ ನಿದ್ದೆಯಿಲ್ಲ, ರೈಲು ಬಸ್ಸಿನ ಪ್ರಯಾಣ, ಸಾವಿರಾರು ಜನರ ಮಧ್ಯೆ ನಿಲ್ಲುವುದು, ಓಡುತ್ತಾ ಮೂಗು ಒರೆಸಿದ ಕೈಯಲ್ಲೇ ನೀರಿನ ಲೋಟ, ಕಿತ್ತಳೆ ತೊಳೆ. ವೈರಸ್ ಹತ್ತಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಮದುವೆ ಮನೆ ಮಾತ್ರ.

2000ದ ಸ್ಟಾಕ್‌ಹೋಮ್ ಮ್ಯಾರಥಾನಿನಲ್ಲಿ 1,694 ಜನರನ್ನು ಕೇಳಿದಾಗ ಓಟದ ಮೊದಲಿಗೂ ಆಮೇಲಿಗೂ ಶೀತದ ಪ್ರಮಾಣ ಹೆಚ್ಚುಕಮ್ಮಿ ಒಂದೇ ಇತ್ತು. ಓಟದ ಆಮೇಲೆ ಜಾಸ್ತಿ ಹುಷಾರು ತಪ್ಪಿದ್ದು ಯಾರು ಗೊತ್ತಾ? ಓಟಕ್ಕೆ ಮೊದಲೇ ಹುಷಾರಿಲ್ಲದೆ ಇದ್ದು, ಆದರೂ ಬಂದು ಓಡಿದವರು.

ನಿಜ ಹೇಳಬೇಕೆಂದರೆ ತಜ್ಞರಲ್ಲೇ ಈ ಜಗಳ ಮುಗಿದಿಲ್ಲ. ಎಂಜಲಿನಲ್ಲಿರುವ ಐಜಿಎ ಎಂಬ ರಕ್ಷಣಾ ಪ್ರೋಟೀನ್ ತಿಂಗಳುಗಟ್ಟಲೆ ಕಠಿಣ ತರಬೇತಿಯಲ್ಲಿ ಇಳಿಯುತ್ತದೆ ಅನ್ನುವವರೂ ಇದ್ದಾರೆ, ಅವರ ಮಾತಿಗೂ ಆಧಾರ ಇದೆ. ಆದರೆ ನನ್ನ ಹತ್ತಿರ ಬರುವ ಹವ್ಯಾಸಿ ಓಟಗಾರರಲ್ಲಿ ನಾನು ಕಾಣುವುದು ಓಟದ ತಪ್ಪನ್ನಲ್ಲ, ಓಟದ ಸುತ್ತ ಇರುವ ಬದುಕಿನ ತಪ್ಪನ್ನು.

ಈಗ ಮೈಸೂರಿನವರಿಗೆ. ಐದು ಗಂಟೆ ನಿದ್ದೆ, ಸರ್! 2015ರ ಒಂದು ಪ್ರಯೋಗದಲ್ಲಿ 164 ಜನರ ಮೂಗಿಗೆ ಶೀತದ ವೈರಸ್ಸನ್ನೇ ಹನಿ ಹಾಕಿದರು. ಏಳು ಗಂಟೆಗಿಂತ ಜಾಸ್ತಿ ಮಲಗಿದವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ಶೀತ ಹಿಡಿಯುವ ಸಾಧ್ಯತೆ ನಾಲ್ಕು ಪಟ್ಟು. ಶನಿವಾರ 9ಕ್ಕೆ ಮೊಬೈಲ್ ಬದಿಗಿಟ್ಟು ಮಲಗಿ. ಖಾಲಿ ಹೊಟ್ಟೆಯ ಲಾಂಗ್ ರನ್ನಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಜಾಸ್ತಿ ಏರುತ್ತದೆ, ಅದು ಇಮ್ಯುನಿಟಿಗೆ ಒಳ್ಳೆಯದಲ್ಲ. ಒಂದೂವರೆ ಗಂಟೆ ಮೀರುವ ಓಟವಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಲಿ. ಬಾಳೆಹಣ್ಣು, ಖರ್ಜೂರ, ಸಕ್ಕರೆ-ಉಪ್ಪಿನ ನಿಂಬೆ ಪಾನಕ, ಯಾವುದಾದರೂ ಸರಿ. ಓಟ ಕಡಿಮೆ ಮಾಡಬೇಡಿ. ದಿಢೀರ್ ಅಂತ ಏರಿಸಬೇಡಿ, ಅಷ್ಟೇ. ಅಮ್ಮನಿಗೆ ಹೇಳಿ, ವಾರಕ್ಕೆ ಐದು ದಿನ ಅಥವಾ ಜಾಸ್ತಿ ವ್ಯಾಯಾಮ ಮಾಡುವವರು ಸುಮ್ಮನೆ ಕೂರುವವರಿಗಿಂತ ಶೀತದಲ್ಲಿ ಕಳೆಯುವ ದಿನ 43% ಕಡಿಮೆ ಅಂತ ಅದೇ ನೀಮನ್ ಸುಮಾರು ಸಾವಿರ ಜನರನ್ನು 12 ವಾರ ಗಮನಿಸಿ ಬರೆದಿದ್ದಾರೆ.

ಪ್ರಶ್ನೆ: ವಿಟಮಿನ್ ಸಿ ಮಾತ್ರೆ ದಿನಾ ತಗೋಬೇಕಾ ಮೇಡಂ?

ಡಾಕ್ಟರ್: ಸಾಮಾನ್ಯ ಜನರಿಗೆ ಶೀತ ತಡೆಯಲು ಅದರಿಂದ ಲಾಭ ಕಂಡಿಲ್ಲ. ಮ್ಯಾರಥಾನ್ ಓಟಗಾರರು, ಸ್ಕೀಯಿಂಗ್‌ನವರು, ಹಿಮದಲ್ಲಿ ತರಬೇತಿಯ ಸೈನಿಕರು, ಹೀಗೆ 598 ಜನರ ಐದು ಪ್ರಯೋಗಗಳಲ್ಲಿ ಮಾತ್ರ ಶೀತ ಸುಮಾರು ಅರ್ಧಕ್ಕೆ ಇಳಿದಿತ್ತು. ಬೇಕಿದ್ದರೆ ಓಟದ ಹಿಂದಿನ ಒಂದೆರಡು ವಾರ ತಗೊಳ್ಳಿ. ವರ್ಷಪೂರ್ತಿ ಬೇಡ, ಸೀಬೆಹಣ್ಣು ತಿನ್ನಿ.

ಪ್ರಶ್ನೆ: ನೆಗಡಿ ಇದ್ದರೂ ಓಡಬಹುದಾ? ನಾನು ಸ್ವಲ್ಪ ಜ್ವರ ಇದ್ದರೂ ಒಂದು ನೋವಿನ ಮಾತ್ರೆ ಹಾಕಿ ಓಡಿಬಿಡುತ್ತೇನೆ, ಬೆವರು ಹರಿದರೆ ಜ್ವರ ಬಿಡುತ್ತೆ.

ಡಾಕ್ಟರ್: ಇದನ್ನು ಓದಿ ಗಾಬರಿಯಾಯಿತು. ದಯವಿಟ್ಟು ಬಿಡಿ. ಕುತ್ತಿಗೆಯಿಂದ ಮೇಲೆ ಮಾತ್ರ ತೊಂದರೆ ಇದ್ದರೆ, ಅಂದರೆ ಮೂಗು ಸೋರುವುದು, ಸೀನು, ಸ್ವಲ್ಪ ಗಂಟಲು ಕೆರೆತ, ನಿಧಾನಕ್ಕೆ ಅರ್ಧ ಗಂಟೆ ಓಡಬಹುದು. ಜ್ವರ, ಮೈಕೈ ನೋವು, ಎದೆಯ ಕೆಮ್ಮು, ಭೇದಿ ಇದ್ದರೆ ಶೂ ಕಟ್ಟಲೇಬೇಡಿ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ. ಆ ಸಮಯದಲ್ಲಿ ಜೋರಾಗಿ ಓಡಿದರೆ ಹೃದಯದ ಬಡಿತವೇ ಹದ ತಪ್ಪಬಹುದು. ಓಡುತ್ತಾ ಕುಸಿದು ಸತ್ತ ಯುವಕರಲ್ಲಿ ಇದೂ ಒಂದು ಕಾರಣ. ಮಳೆಗಾಲದಲ್ಲಿ ಇನ್ನೊಂದು ಅಪಾಯ. ಆ ಜ್ವರ ಡೆಂಗಿ ಆಗಿದ್ದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ತಗೊಂಡರೆ ರಕ್ತಸ್ರಾವ ಆಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಮಲಗಲಿಕ್ಕೆ, ಓಡಲಿಕ್ಕಲ್ಲ.

ಪ್ರಶ್ನೆ: ಹಾಫ್ ಮ್ಯಾರಥಾನ್ ಓಡಿದ ಮಾರನೇ ದಿನ ಆಫೀಸಿನ ಹೆಲ್ತ್ ಚೆಕಪ್ ಇತ್ತು. ಡಬ್ಲ್ಯೂಬಿಸಿ (ಬಿಳಿ ರಕ್ತಕಣ) 13,800, ಜಾಸ್ತಿ ಅಂತೆ. ಲಿವರ್ ಪರೀಕ್ಷೆಯ ಎಸ್‌ಜಿಒಟಿ ಕೂಡ ಜಾಸ್ತಿ. ಜ್ವರ ಏನೂ ಇಲ್ಲ. ಲಿವರ್ ಇನ್‌ಫೆಕ್ಷನ್ ಅಂತ ಹೆದರಿಸುತ್ತಿದ್ದಾರೆ.

ಡಾಕ್ಟರ್: ಇವೆರಡೂ ಓಟದಿಂದಲೇ ಏರಿರಬಹುದು. ಬೋಸ್ಟನ್ ಮ್ಯಾರಥಾನ್ ಓಟಗಾರರ ರಕ್ತದಲ್ಲಿ ಬಿಳಿ ಕಣ ಏರಿದ್ದನ್ನು 1902ರಲ್ಲೇ ಲ್ಯಾರಬಿ ಎಂಬ ವೈದ್ಯರು ಬರೆದಿದ್ದರು, ಹೊಸ ವಿಷಯ ಏನಲ್ಲ. ಎಸ್‌ಜಿಒಟಿ ಲಿವರಿನಲ್ಲಿ ಮಾತ್ರ ಅಲ್ಲ, ಸ್ನಾಯುವಿನಲ್ಲೂ ಇದೆ, ತೊಡೆ ನೊಂದಷ್ಟೂ ಅದು ಏರುತ್ತದೆ. ಒಂದು ವಾರ ಜೋರು ವ್ಯಾಯಾಮ ಬಿಟ್ಟು ಮತ್ತೆ ರಕ್ತ ಕೊಡಿ, ಜೊತೆಗೆ ಸಿಪಿಕೆ ಮತ್ತು ಜಿಜಿಟಿ ಎಂಬ ಎರಡು ರಕ್ತ ಪರೀಕ್ಷೆ ಮಾಡಿಸಿ. ಸಿಪಿಕೆ ಸ್ನಾಯುವಿನದ್ದು, ಜಿಜಿಟಿ ಲಿವರಿನದ್ದು, ಓಟಕ್ಕೆ ಅಷ್ಟಾಗಿ ಏರುವುದಿಲ್ಲ, ಹಾಗಾಗಿ ಎರಡೂ ನೋಡಿದರೆ ಲಿವರೋ ಸ್ನಾಯುವೋ ಗೊತ್ತಾಗುತ್ತದೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ವಾರ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ.